ಸ್ಟ್ರಾಬೆರಿ ಎಲೆಯಿಂದ ಗಿಡ ಬರ್ತಿಲ್ವಾ? ಮೀಡಿಯಾ ಬಿಡಿ, ಮೊದಲು ತಳಿ ನೋಡಿ

ಪುಣೆಯ ಕೋಥ್ರೂಡಿನಲ್ಲಿ ಒಂದು ಸಣ್ಣ ಟಿಶ್ಯೂ ಕಲ್ಚರ್ ಕೋಣೆ (ಗಿಡದ ತುಂಡಿನಿಂದ ತಟ್ಟೆಯಲ್ಲಿ ಹೊಸ ಗಿಡ ಬೆಳೆಸುವ ಜಾಗ) ಇಟ್ಟುಕೊಂಡಿದ್ದೇನೆ. ಮಹಾಬಳೇಶ್ವರದಿಂದ ತಂದ ಗಿಡದ ಎಲೆ ಇಟ್ಟು ಎರಡು ತಿಂಗಳು ಹಾರ್ಮೋನ್ ಏರಿಸಿದೆ, ಇಳಿಸಿದೆ. ತಟ್ಟೆ ತುಂಬ ಬರೀ ಕ್ಯಾಲಸ್ ಗಡ್ಡೆ, ಅಂದರೆ ಆಕಾರವಿಲ್ಲದ ಕೋಶಗಳ ಮುದ್ದೆ. ಬೇಜಾರಾಗಿ ಅದೇ ಮೀಡಿಯಾದಲ್ಲಿ (ಎಲೆ ತುಂಡಿಗೆ ಆಹಾರ, ಹಾರ್ಮೋನ್ ಕೊಡುವ ಪಾಕದಲ್ಲಿ) ಸುಮ್ನೆ ಇನ್ನೊಂದು ತಳಿಯ ಎಲೆ ಇಟ್ಟೆ. ಚಿಗುರು ಬಂತು!

ಎಲೆಯಿಂದ ಚಿಗುರು ಬರುವುದು ತಳಿಯ ಮೇಲೆ ಬಹಳ ನಿಂತಿದೆ. ಸೈಟೋಕೈನಿನ್ ಎಂಬ ಹಾರ್ಮೋನ್ ಸಿಕ್ಕಾಗ ಜೀವಕೋಶದಲ್ಲಿ ವುಶೆಲ್‌ನಂಥ ಜೀನ್‌ಗಳು ಎದ್ದು ಚಿಗುರಿನ ತುದಿ ಕಟ್ಟಿಸುತ್ತವೆ. ಇದು ಜಾಸ್ತಿ ಗೊತ್ತಾಗಿದ್ದು ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ. ಸ್ಟ್ರಾಬೆರಿಯಲ್ಲಿ ಇದನ್ನು ಹುಡುಕುವುದು ತಲೆನೋವು, ಯಾಕೆಂದರೆ ತೋಟದ ಸ್ಟ್ರಾಬೆರಿಗೆ ಎಂಟು ಸೆಟ್ ಕ್ರೋಮೋಸೋಮ್, ಒಟ್ಟು 56, ಒಂದೊಂದು ಜೀನಿಗೂ ಹಲವು ಪ್ರತಿ. ಕಾಡು ಸ್ಟ್ರಾಬೆರಿ ಫ್ರಗೇರಿಯಾ ವೆಸ್ಕಾಗೆ ಬರೀ 14. ಅದರ ಜೀನೋಮ್ 2011ರಲ್ಲೇ ಬಂತು, ತೋಟದ್ದರ ಒಳ್ಳೆಯ ಜೀನೋಮ್‌ಗೆ 2019ರ ತನಕ ಕಾಯಬೇಕಾಯಿತು.

ಹಾಗಾಗಿ ಕನಿಷ್ಠ ಮೂರು ತಳಿ ತನ್ನಿ. ರನ್ನರ್‌ನಿಂದ (ತಾಯಿಗಿಡ ಚಾಚುವ ಬಳ್ಳಿಯಿಂದ) ಬಂದ ಗಿಡವೇ ಆಗಲಿ. ಬೀಜದ ಗಿಡ ಬೇಡ, ಒಂದೊಂದು ಬೀಜವೂ ಬೇರೆ ಬೇರೆ, ಹೋಲಿಕೆ ಕೆಡುತ್ತದೆ.

ಆಗಷ್ಟೇ ಬಿಚ್ಚಿದ, ಇನ್ನೂ ಹೊಳೆಯುವ ಎಲೆ ಆರಿಸಿ. ಹರಿಯುವ ನೀರಲ್ಲಿ ತೊಳೆದು, 70% ಆಲ್ಕೋಹಾಲ್‌ನಲ್ಲಿ ಅರ್ಧ ನಿಮಿಷ ಅದ್ದಿ, ಆಮೇಲೆ ಸುಮಾರು 1% ಹೈಪೋಕ್ಲೋರೈಟ್‌ನಲ್ಲಿ ಹತ್ತು ನಿಮಿಷ ಬಿಟ್ಟು, ಸ್ಟೆರೈಲ್ ನೀರಲ್ಲಿ ಮೂರು ಸಲ ಜಾಲಿಸಿ. ಪುಣೆಯ ಮಳೆಗಾಲದಲ್ಲಿ ಬೂಷ್ಟು ಹೇಗಿದ್ದರೂ ಬರುತ್ತದೆ, ಹೆಚ್ಚುವರಿ ತಟ್ಟೆ ಇಟ್ಟುಕೊಳ್ಳಿ.

ಮೀಡಿಯಾ ಎಲ್ಲ ತಳಿಗೂ ಒಂದೇ: ಎಂಎಸ್ ಲವಣ (ಗಿಡಕ್ಕೆ ಬೇಕಾದ ಪೋಷಕ ಲವಣಗಳ ಮಿಶ್ರಣ), 3% ಸಕ್ಕರೆ, ಗಟ್ಟಿಯಾಗಲು ಅಗರ್, ಪಿಎಚ್ 5.8, ಲೀಟರಿಗೆ 1 ಮಿಲಿಗ್ರಾಂ ಟಿಡಿಝಡ್ (ಸೈಟೋಕೈನಿನ್ ಥರ ಕೆಲಸ ಮಾಡುತ್ತದೆ), 0.2 ಮಿಲಿಗ್ರಾಂ ಐಬಿಎ (ಆಕ್ಸಿನ್ ಎಂಬ ಇನ್ನೊಂದು ಬಗೆಯ ಹಾರ್ಮೋನ್). ಇದೇ ಶ್ರೇಷ್ಠ ಅಂತಲ್ಲ, ಶುರು ಮಾಡಲು ಸಾಕು. ಸುಮಾರು 5 ಮಿಲಿಮೀಟರ್ ತುಂಡು ಕತ್ತರಿಸಿ, ಪ್ರತಿ ತಳಿಗೆ 30 ತುಂಡು, ಎಲ್ಲವನ್ನೂ ಒಂದೇ ಮಗ್ಗುಲಾಗಿ ಇಡಿ. ಎರಡು ವಾರ ಕತ್ತಲು, ಆಮೇಲೆ 25 ಡಿಗ್ರಿಯಲ್ಲಿ ದಿನಕ್ಕೆ 16 ಗಂಟೆ ಬೆಳಕು. ತುಂಡು ಕಂದಾಗತೊಡಗಿದರೆ ಹೊಸ ಮೀಡಿಯಾಕ್ಕೆ ಬದಲಿಸಿ.

ಕತ್ತರಿಸಿದ ಅಂಚನ್ನೇ ನೋಡುತ್ತಿರಿ. ಮೊದಲು ಅಂಚು ಊದುತ್ತದೆ, ಆಮೇಲೆ ರವೆ ಕಾಳಿನಷ್ಟು ಹಸಿರು ಉಬ್ಬುಗಳು ಏಳುತ್ತವೆ. ಅದನ್ನೇ ಚಿಗುರು ಅಂತ ಬರೆದುಕೊಳ್ಳಬೇಡಿ, ನಾನು ಹಾಗೆ ಮೋಸ ಹೋಗಿದ್ದೇನೆ. ಎಲೆ ಬಿಚ್ಚಿದ ಮೇಲೆ ಎಣಿಸಿ. ತಟ್ಟೆಗೆ ತಳಿಯ ಹೆಸರಿನ ಬದಲು ಬರೀ ನಂಬರ್ ಹಾಕಿ, ಎಣಿಸುವವರಿಗೆ ಯಾವುದು ಯಾವುದು ಗೊತ್ತಾಗಬಾರದು. ಮೂವತ್ತರಲ್ಲಿ ಎಷ್ಟು ತುಂಡು ಚಿಗುರಿತು, ಒಂದೊಂದರಲ್ಲಿ ಎಷ್ಟು ಚಿಗುರು, ಇವೆರಡೂ ಬೇರೆ ಲೆಕ್ಕ. ಮೂರು ಸಲ ಮಾಡಿದಾಗಲೂ ಅದೇ ತಳಿ ಮುಂದಿದ್ದರೆ ಆಗ ನಂಬಿ, ಹಾರ್ಮೋನ್ ತಿದ್ದುವ ಕೆಲಸ ಆ ತಳಿಯಿಂದ ಶುರು ಮಾಡಿ.

ರೈತರಿಗೆ ಮಾರುವ ಗಿಡ ಬೇಕಿದ್ದರೆ ಮಾತ್ರ ಈ ದಾರಿ ಹಿಡಿಯಬೇಡಿ. ಎಲೆಯಿಂದ, ಅದರಲ್ಲೂ ಕ್ಯಾಲಸ್ ಮೂಲಕ ಬಂದ ಗಿಡದಲ್ಲಿ ತಾಯಿಗಿಂತ ಬೇರೆ ಗುಣ ನುಸುಳಬಹುದು. ಅದಕ್ಕೆ ರನ್ನರ್ ತುದಿಯ ಮೆರಿಸ್ಟೆಮ್ (ಬೆಳೆಯುತ್ತಲೇ ಇರುವ ಪುಟ್ಟ ಕೋಶಗುಂಪು) ತೆಗೆದುಕೊಳ್ಳಿ, ಅಲ್ಲಿ ಚಿಗುರಿನ ತುದಿ ಮೊದಲೇ ಇರುತ್ತದಲ್ವಾ.