ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು, ಕೈಯಲ್ಲಿ ಎರಡು ಗ್ಲೌಸು

ಮೊದಲ ಸಲ ಟ್ರೈನಿಂಗ್ ಕೊಡಲು ಹೋದಾಗ ನನ್ನ ಪೆನ್‌ಡ್ರೈವಿನಲ್ಲಿ 64 ಸ್ಲೈಡುಗಳಿದ್ದವು. ಎಚ್‌ಐವಿ ವೈರಸ್ಸಿನ ಚಿತ್ರ, ಅದು ದಾಳಿ ಮಾಡುವ ಸಿಡಿ4 ಅನ್ನುವ ಬಿಳಿ ರಕ್ತಕಣದ ಚಿತ್ರ, ಅದರೊಳಗೆ ವೈರಸ್ ಹೇಗೆ ನುಗ್ಗುತ್ತದೆ ಅಂತ ತೋರಿಸುವ ಬಾಣದ ಗುರುತುಗಳು. ಬಾಗಲಕೋಟೆ ಕಡೆಯ ಒಂದು ಸರ್ಕಾರಿ ಆಸ್ಪತ್ರೆ. ಎದುರಿಗೆ ಮೂವತ್ತು ಮಂದಿ ಸ್ಟಾಫ್ ನರ್ಸುಗಳು ಮತ್ತು ಲ್ಯಾಬ್ ಟೆಕ್ನಿಷಿಯನ್ನರು. ನಾನಾಗ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆಗೆ ಬಂದವರನ್ನು ಕೂರಿಸಿ ಮಾತಾಡಿಸುವ ಕೇಂದ್ರದಲ್ಲಿ, ಆಪ್ತಸಮಾಲೋಚಕಿ.

ಬೆಳಿಗ್ಗೆ ಒಂದು ಪರೀಕ್ಷೆ, ಸಂಜೆ ಅದೇ ಪ್ರಶ್ನೆಗಳ ಇನ್ನೊಂದು ಪರೀಕ್ಷೆ. ಸಂಜೆ ಎಲ್ಲರಿಗೂ ಒಳ್ಳೇ ಮಾರ್ಕ್ಸು. ಮುಟ್ಟಿದರೆ ಬರುತ್ತಾ? ಇಲ್ಲ. ಸೊಳ್ಳೆಯಿಂದ? ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ? ಇಲ್ಲ. ಉತ್ತರ ಪತ್ರಿಕೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಬಸ್ಸಿನಲ್ಲಿ ಖುಷಿಯಾಗಿ ಮನೆಗೆ ಬಂದೆ.

ಮುಂದಿನ ವಾರ ಬೇರೆ ಕೆಲಸಕ್ಕೆ ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗಿದ್ದೆ. ಮೂಲೆಯ ಮಂಚದಲ್ಲಿ ಒಬ್ಬ ಗರ್ಭಿಣಿ. ಆಚೀಚೆಯ ಎರಡು ಮಂಚ ಖಾಲಿ. ಕೇಸ್ ಶೀಟಿನ ತಲೆಯ ಮೇಲೆ ಕೆಂಪು ಮಸಿಯಲ್ಲಿ ಎಚ್‌ಐವಿ ಅಂತ ದಪ್ಪಗೆ ಬರೆದು, ಸುತ್ತ ಒಂದು ಗೆರೆ ಬೇರೆ ಎಳೆದಿದ್ದರು. ಬಿಪಿ ನೋಡುತ್ತಿದ್ದ ಸಿಸ್ಟರ್ ಕೈಯಲ್ಲಿ ಎರಡು ಗ್ಲೌಸು, ಒಂದರ ಮೇಲೊಂದು. ಬಿಪಿ ನೋಡೋಕೆ! ಅವರು ನನ್ನ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದವರು.

ಆಚೆ ಕರೆದು ಕೇಳಿದೆ. ಅವರೇನೂ ಮುಚ್ಚಿಡಲಿಲ್ಲ.

"ಗೊತ್ತೈತ್ರಿ ಮೇಡಂ. ಮುಟ್ಟಿದ್ರ ಬರೂದಿಲ್ಲ ಅಂತ ನಾನ ಬರದೀನಲ್ರಿ. ಆದ್ರೂ..."

ಆ 'ಆದ್ರೂ' ಆದ ಮೇಲೆ ಏನಿದೆ ಅಂತ ನನ್ನ 64 ಸ್ಲೈಡಿನಲ್ಲಿ ಎಲ್ಲೂ ಇರಲಿಲ್ಲ. ಅವರ ಜೊತೆ ಅರ್ಧ ಗಂಟೆ ಕೂತೆ. ಅವರು ಕೆಲಸಕ್ಕೆ ಸೇರಿದ್ದು 90ರ ದಶಕದಲ್ಲಿ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಸರ್ಕಾರದಿಂದ ಉಚಿತವಾಗಿ ಬಂದದ್ದು 2004ರ ಏಪ್ರಿಲ್‌ನಲ್ಲಿ. ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದಕ್ಕೂ ಮೊದಲು ವಾರ್ಡಿಗೆ ಬರುತ್ತಿದ್ದವರು ಎಲುಬಿನ ಗೂಡಾಗಿ ಬರುತ್ತಿದ್ದರು, ಹೆಣವಾಗಿ ಹೋಗುತ್ತಿದ್ದರು. ಅದನ್ನೆಲ್ಲ ಕಣ್ಣಾರೆ ಕಂಡವರಿಗೆ 'ಹೆದರಬೇಡಿ' ಅಂತ ಸ್ಲೈಡ್ ತೋರಿಸಿದರೆ ಏನು ಪ್ರಯೋಜನ?

ಅಲ್ಲಿಂದ ಟ್ರೈನಿಂಗಿನ ಮೊದಲ ಒಂದು ಗಂಟೆ ಪ್ರೊಜೆಕ್ಟರ್ ಹಚ್ಚುವುದನ್ನೇ ಬಿಟ್ಟೆ. ಬದಲಿಗೆ ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಎಲ್ಲರಿಗೂ ಒಂದೊಂದು ಚೀಟಿ. ಹೆಸರು ಬೇಡ, ನಿಮ್ಮ ಮನಸ್ಸಿನಲ್ಲಿರುವ ಹೆದರಿಕೆ ಬರೆದು ಡಬ್ಬಿಗೆ ಹಾಕಿ ಅನ್ನುತ್ತೇನೆ. ಆಮೇಲೆ ಒಂದೊಂದಾಗಿ ತೆಗೆದು ಗಟ್ಟಿಯಾಗಿ ಓದುತ್ತೇನೆ. "ಡ್ಯೂಟಿ ಮುಗಿಸಿ ಹೋಗಿ ಸ್ನಾನ ಮಾಡದೆ ಮಗೂನ ಎತ್ತಿಕೊಳ್ಳಬಹುದಾ?" "ಹೆರಿಗೆ ಮಾಡಿಸುವಾಗ ನೀರು ಕಣ್ಣಿಗೆ ಸಿಡಿಯಿತು, ಏನಾಗುತ್ತೆ?" "ನನ್ನ ಗಂಡನಿಗೆ ನಾನು ಈ ವಾರ್ಡಿನಲ್ಲಿ ಇರೋದು ಇಷ್ಟ ಇಲ್ಲ." ಮಾರ್ಕ್ಸಿಗೆ ಬರೆದ ಉತ್ತರಗಳಲ್ಲಿ ಇವ್ಯಾವುವೂ ಇರುವುದಿಲ್ಲ.

ಒಮ್ಮೆ ಒಂದು ಚೀಟಿ ತೆಗೆದೆ. "ನಾಲ್ಕು ತಿಂಗಳ ಹಿಂದೆ ಸೂಜಿ ಚುಚ್ಚಿದೆ. ಯಾರಿಗೂ ಹೇಳಿಲ್ಲ." ಓದಿ ಮುಗಿಸಿದಾಗ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಯಾರು ಅಂತ ನಾನು ಹುಡುಕಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ನನ್ನ ಕೇಂದ್ರ ತೆರೆದಿರುವ ಹೊತ್ತನ್ನು ಬೋರ್ಡಿನ ಮೇಲೆ ಬರೆದೆ ಅಷ್ಟೆ. ಮರುದಿನ ಅವರೇ ಬಂದರು. ರಿಪೋರ್ಟ್ ನೆಗೆಟಿವ್ ಬಂತು. ಅಷ್ಟೂ ದಿನ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಹಾಗಾಗಿ ಈಗ ನನ್ನ ಟ್ರೈನಿಂಗಿನಲ್ಲಿ ಅರ್ಧ ದಿನ ಸೂಜಿಗೇ ಮೀಸಲು. ಬರುವಾಗ ಸಂತೆಯಿಂದ ಎರಡು ಡಜನ್ ಮೋಸಂಬಿ ತರುತ್ತೇನೆ. ಸಿರಿಂಜಿನಲ್ಲಿ ಕೆಂಪು ಮಸಿ ಕಲಸಿದ ನೀರು. ಟೇಬಲ್ಲಿನ ಮೇಲೆ ಬಿಳಿ ಹಾಳೆ. ಕೈಗೆ ಗ್ಲೌಸು. "ನೀವು ಡ್ಯೂಟಿಯಲ್ಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ, ನನಗೋಸ್ಕರ ಬೇರೆ ಮಾಡಬೇಡಿ" ಅನ್ನುತ್ತೇನೆ. ಮೋಸಂಬಿಗೆ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಕೈ ತಾನಾಗಿಯೇ ಹೋಗಿ ಮುಚ್ಚಳ ಎತ್ತಿಕೊಳ್ಳುತ್ತದೆ. ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಸಿರಿಂಜು. 'ಬಳಸಿದ ಸೂಜಿಗೆ ಮುಚ್ಚಳ ಹಾಕಬಾರದು' ಅಂತ ಹತ್ತು ನಿಮಿಷದ ಹಿಂದೆ ತಾವೇ ಹೇಳಿದವರು! ಗ್ಲೌಸಿನ ತುದಿಯಲ್ಲಿ ಕೆಂಪು ಚುಕ್ಕೆ ನೋಡಿದಾಗ ತಾವೇ ನಗುತ್ತಾರೆ. ಆ ನಗು ಬಂದ ಮೇಲೆಯೇ ನಾನು ಲೆಕ್ಕ ಹೇಳುವುದು.

ಲೆಕ್ಕ ಇಷ್ಟು. ಎಚ್‌ಐವಿ ಇರುವ ರಕ್ತದ ಸೂಜಿ 1000 ಸಲ ಚುಚ್ಚಿದರೆ ಸುಮಾರು 3 ಸಲ ಸೋಂಕು ತಗಲುತ್ತದೆ. ಅದೂ ಏನೂ ಔಷಧ ತೆಗೆದುಕೊಳ್ಳದಿದ್ದರೆ. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ 1000ಕ್ಕೆ 300ರವರೆಗೂ ಹೋಗಬಹುದು. ಲಸಿಕೆ ಇದೆ, ಮೂರು ಡೋಸು. "ಮೂರೂ ಹಾಕಿಸಿಕೊಂಡವರು ಕೈ ಎತ್ತಿ" ಅಂದರೆ ಏಳುವ ಕೈಗಳು ಯಾವಾಗಲೂ ಕಡಿಮೆಯೇ. ಎಚ್‌ಐವಿ ಅಂದರೆ ಎರಡು ಗ್ಲೌಸು, ಹೆಪಟೈಟಿಸ್ ಬಿ ಅಂದರೆ ಮೂರನೇ ಡೋಸು ಮರೆತೇ ಹೋಗಿರುತ್ತೆ. ನಮ್ಮ ಹೆದರಿಕೆಗೂ ಲೆಕ್ಕಕ್ಕೂ ಸಂಬಂಧವೇ ಇಲ್ಲ, ಅಲ್ವಾ?

ಇನ್ನೊಂದು ಗಮನಿಸಿದೆ. ಮುಚ್ಚಳ ಹಾಕುವುದಕ್ಕೆ ಬರೀ ಅಭ್ಯಾಸ ಕಾರಣ ಅಲ್ಲ. ಸೂಜಿ ಕತ್ತರಿಸುವ ಕಟರ್ ವಾರ್ಡಿನ ಆ ತುದಿಯಲ್ಲಿ, ಸಿಂಕಿನ ಪಕ್ಕ ಇರುತ್ತಿತ್ತು. ಇಪ್ಪತ್ತು ಹೆಜ್ಜೆ ಬರೀ ಸೂಜಿ ಹಿಡಿದು, ಜನರ ನಡುವೆ ನಡೆಯಲು ಯಾರಿಗೆ ಧೈರ್ಯ ಬರುತ್ತೆ? ಮುಚ್ಚಳ ಹಾಕಿಯೇ ಹೋಗುತ್ತಾರೆ. ಕಟರನ್ನು ಇಂಜೆಕ್ಷನ್ ಟ್ರಾಲಿಯ ಕೆಳಗಿನ ತಟ್ಟೆಗೆ ಇಡಿಸಿದೆವು. ಮೂರು ಟ್ರೈನಿಂಗಿನಿಂದ ಆಗದ್ದು ಒಂದು ಮಧ್ಯಾಹ್ನದಲ್ಲಿ ಆಯ್ತು.

ಚುಚ್ಚಿದ ಮೇಲೆ ಏನು ಮಾಡಬೇಕು ಅಂತ ಕೇಳಿದರೆ ಮೊದಲು ಬರುವ ಉತ್ತರ "ಹಿಂಡಿ ರಕ್ತ ತೆಗೀಬೇಕು". ಬೇಡ. ಹಿಂಡಬೇಡಿ, ಬಾಯಿಗೆ ಹಾಕಿ ಚೀಪಬೇಡಿ, ಸ್ಪಿರಿಟ್ಟು ಬ್ಲೀಚಿಂಗು ಸುರಿಯಬೇಡಿ. ನಲ್ಲಿ ಬಿಟ್ಟು ಸೋಪು ಹಚ್ಚಿ ತೊಳೆಯಿರಿ. ಆಮೇಲೆ ತಕ್ಷಣ ಡಾಕ್ಟರಿಗೆ ಹೇಳಿ. ಸೋಂಕು ತಡೆಯುವ ಮಾತ್ರೆ ಇದೆ, ಪಿಇಪಿ ಅನ್ನುತ್ತಾರೆ. ಎರಡು ಗಂಟೆಯೊಳಗೆ ಮೊದಲ ಡೋಸು ನುಂಗಿದರೆ ಬಹಳ ಒಳ್ಳೇದು. 72 ಗಂಟೆ ದಾಟಿದರೆ ಕೊಡುವುದಿಲ್ಲ. ಶುರು ಮಾಡಿದರೆ 28 ದಿನ ಬಿಡದೆ ತೆಗೆದುಕೊಳ್ಳಬೇಕು.

ಇದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಆಗ ನಾನು ಕೇಳುತ್ತೇನೆ: "ಈಗ ಭಾನುವಾರ ರಾತ್ರಿ ಎರಡು ಗಂಟೆ. ಸೂಜಿ ಚುಚ್ಚಿದೆ. ಮಾತ್ರೆ ಎಲ್ಲಿದೆ? ನಡೀರಿ, ತೋರಿಸಿ." ಎಲ್ಲರನ್ನೂ ಎಬ್ಬಿಸಿಕೊಂಡು ಹುಡುಕಲು ಹೊರಡುತ್ತೇವೆ. ಒಂದು ಕಡೆ ಮಾತ್ರೆ ಬೀರುವಿನಲ್ಲಿ, ಕೀಲಿ ಫಾರ್ಮಸಿಸ್ಟ್ ಹತ್ತಿರ, ಫಾರ್ಮಸಿಸ್ಟ್ ಊರ ಜಾತ್ರೆಗೆ ಹೋಗಿದ್ದಾರೆ. ಇನ್ನೊಂದು ಕಡೆ ಡಬ್ಬಿ ಸಿಕ್ಕಿತು, ತಾರೀಖು ಮುಗಿದು ಎಂಟು ತಿಂಗಳಾಗಿತ್ತು. ವೈದ್ಯಾಧಿಕಾರಿಗಳಿಗೆ ನಾನು ದೂರು ಹೇಳುವುದೇ ಬೇಕಾಗಲಿಲ್ಲ. ಜೊತೆಗೆ ನಡೆದು ಬಂದಿದ್ದ ಇಪ್ಪತ್ತು ಜನ ಒಟ್ಟಿಗೇ ಅವರ ಕಡೆ ನೋಡಿದರು.

ಇಷ್ಟೆಲ್ಲ ಮಾಡುತ್ತಿದ್ದರೂ ನಾನು ವರ್ಷಗಟ್ಟಲೆ ಒಂದು ತಪ್ಪು ಮಾಡಿದ್ದೆ. ಟ್ರೈನಿಂಗಿಗೆ ಬರಬೇಕಾದವರ ಪಟ್ಟಿಯಲ್ಲಿ ಡಾಕ್ಟರು, ನರ್ಸು, ಟೆಕ್ನಿಷಿಯನ್. ಕಸ ಬಳಿಯುವವರು, ಬಟ್ಟೆ ಒಗೆಯುವವರು ಇಲ್ಲ. ಒಂದು ದಿನ ಚಹಾ ತಂದ ಆಯಾ ಬಾಗಿಲಲ್ಲೇ ನಿಂತು ಮೋಸಂಬಿ ಆಟ ನೋಡುತ್ತಿದ್ದರು. "ಒಳಗೆ ಬರ್ರಿ ಅಕ್ಕಾ" ಅಂದೆ. ಬಂದವರೇ ಹೆಬ್ಬೆರಳು ಮುಂದೆ ಹಿಡಿದರು. ಉಗುರಿನ ಬುಡದಲ್ಲಿ ಸಣ್ಣ ಗಾಯದ ಕಲೆಗಳು.

"ಚುಚ್ಚೂದಂದ್ರ ನಮಗ ದಿನಾ ಇದ್ದದ್ದರಿ. ಚೀಲ ಎತ್ತುವಾಗ ಚುಚ್ಚತೈತಿ. ಮಾತ್ರಿ ಐತಿ ಅಂತ ನಮಗ ಯಾರ ಹೇಳ್ಯಾರ್ರೀ?"

ಸೂಜಿ ಬಿಳಿ ಗಟ್ಟಿ ಡಬ್ಬಿಗೆ ಹೋಗಬೇಕು, ಬೇರೆ ಕಸದ ಹಳದಿ ಚೀಲಕ್ಕಲ್ಲ. ನರ್ಸ್ ಮಾಡಿದ ತಪ್ಪು ಆಯಾ ಬೆರಳಿಗೆ ಚುಚ್ಚುತ್ತದೆ. ಆಮೇಲಿಂದ ಅವರಿಗೆ ಬೇರೆಯೇ ಒಂದು ಕ್ಲಾಸು ಇಟ್ಟೆ. ಮಧ್ಯಾಹ್ನ ಎರಡಕ್ಕೆ, ಶಿಫ್ಟ್ ಬದಲಾಗುವ ಹೊತ್ತಿಗೆ, ಜಮಖಾನೆ ಹಾಸಿ, ಪೆನ್ನು ಹಾಳೆ ಏನೂ ಇಲ್ಲದೆ. ನನಗೆ ಇವತ್ತಿಗೂ ಅದೇ ಇಷ್ಟದ ಕ್ಲಾಸು. ಅವರು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳುತ್ತಾರೆ.

ಗುಟ್ಟಿನ ವಿಷಯಕ್ಕೆ ಬರುತ್ತೇನೆ. 'ನಾವು ಯಾರಿಗೂ ಹೇಳೋದಿಲ್ಲ' ಅಂತ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಆದರೆ ಬಾಯಿಂದ ಹೇಳುವುದೇ ಬೇಕಾಗಿಲ್ಲವಲ್ಲ. ಕೆಂಪು ಮಸಿ ಹೇಳುತ್ತೆ. ಖಾಲಿ ಬಿಟ್ಟ ಮಂಚ ಹೇಳುತ್ತೆ. ಬೇರೆ ಇಟ್ಟ ಬೇಸಿನ್ನು ಹೇಳುತ್ತೆ. "ಎಆರ್‌ಟಿ ಪೇಷಂಟ್ ಯಾರ್ರೀ?" ಅಂತ ಕಾರಿಡಾರಿನಲ್ಲಿ ಕೂಗಿದರೆ ಮುಗಿದೇ ಹೋಯಿತು. ಚೀಟಿ ಮಾಡಿಸುವ ಕಿಟಕಿಯಿಂದ ಮಂಚದವರೆಗೆ ಬರುವಷ್ಟರಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತೆ ಅಂತ ಒಂದು ಕಡೆ ಎಲ್ಲರೂ ಸೇರಿ ಎಣಿಸಿದೆವು. ಹನ್ನೊಂದು ಜನ. ಗೊತ್ತಿರಲೇಬೇಕಾದವರು ಮೂವರು.

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಮೇಲೆ ನನ್ನ ಕೆಲಸ ಸ್ವಲ್ಪ ಹಗುರಾಯಿತು. ಅಲ್ಲಿಯವರೆಗೆ ನಾನು ಬೇಡಿಕೊಳ್ಳುತ್ತಿದ್ದೆ. ಈಗ ಕೈಯಲ್ಲಿ ಕಾನೂನಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿದೆ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ, ವಿಷಯ ಬಯಲು ಮಾಡುವಂತಿಲ್ಲ. ಆದರೆ ಕ್ಲಾಸಿನಲ್ಲಿ ನಾನು ಇವನ್ನು ಮೊದಲು ಓದುವುದಿಲ್ಲ. ಸಿಬ್ಬಂದಿಗೆ ಸುರಕ್ಷತೆಯ ಸಾಮಾನು, ಪಿಇಪಿ ಮಾತ್ರೆ, ತರಬೇತಿ ಒದಗಿಸುವುದು ಸಂಸ್ಥೆಯ ಕರ್ತವ್ಯ ಅಂತಲೂ ಅದೇ ಕಾಯ್ದೆಯಲ್ಲಿದೆ. ಅದನ್ನು ಮೊದಲು ಓದುತ್ತೇನೆ. ತಮ್ಮ ಹಕ್ಕಿನ ಮಾತು ಕೇಳಿದವರು ಪೇಷಂಟಿನ ಹಕ್ಕಿನ ಮಾತನ್ನೂ ಕೇಳುತ್ತಾರೆ.

ಇನ್ನೊಂದು ಎಡವಟ್ಟು ಹೇಳಲೇಬೇಕು. ಸೋಂಕಿನೊಂದಿಗೆ ಬದುಕುತ್ತಿರುವ ಒಬ್ಬ ಅಕ್ಕ ನನ್ನ ಜೊತೆ ತರಬೇತಿಗೆ ಬರುತ್ತಿದ್ದರು. ಮೊದಮೊದಲು ನಾವು ಅವರ ವಿಷಯ ಹೇಳುತ್ತಿರಲಿಲ್ಲ. ಅವರು ಎಲ್ಲರ ಜೊತೆ ನಗುನಗುತ್ತಾ ಇದ್ದು, ಮಧ್ಯಾಹ್ನ ಒಟ್ಟಿಗೆ ಊಟ ಮಾಡಿ, ಸಂಜೆ ಎದ್ದು ನಿಂತು "ನನಗ ಎಚ್‌ಐವಿ ಐತಿ" ಅನ್ನುತ್ತಿದ್ದರು. ಎಲ್ಲರೂ ಬೆಚ್ಚಿಬೀಳುತ್ತಿದ್ದರು, ಕೆಲವರು ಅಳುತ್ತಿದ್ದರು. ನಾನು ಭಾರೀ ಪರಿಣಾಮ ಅಂದುಕೊಂಡಿದ್ದೆ. ಒಂದು ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ಅವರೇ ಹೇಳಿದರು, "ನನ್ನ ಜಾದೂ ಮಾಡಿ ತೋರಸಬ್ಯಾಡ್ರಿ ಮೇಡಂ. ನಾ ಮೊಲ ಅಲ್ಲ, ಟೊಪ್ಪಿಗಿಯಿಂದ ತಗೀಲಿಕ್ಕೆ."

ನಾಚಿಕೆಯಾಯಿತು. ಅಂದಿನಿಂದ ಅವರು ಬೆಳಿಗ್ಗೆಯೇ ತಮ್ಮ ಪರಿಚಯ ಹೇಳಿಕೊಂಡು ಮಾತ್ರೆಯ ಪಾಠ ಮಾಡುತ್ತಾರೆ. ಡಾಕ್ಟರಿಗೆ ಕೊಡುವಷ್ಟೇ ಗೌರವಧನ ಅವರಿಗೂ ಕೊಡಿಸುತ್ತೇನೆ. ಅದಕ್ಕೆ ಲೆಕ್ಕಪತ್ರದವರ ಜೊತೆ ಜಗಳವಾಡಿದ್ದು ಬೇರೆ ಕಥೆ. ಅವರು ತಮ್ಮ ಮಾತ್ರೆ ಡಬ್ಬಿ ತೆಗೆದು ತೋರಿಸುತ್ತಾರೆ. ದಿನಕ್ಕೆ ಒಂದು ಮಾತ್ರೆ, ಅದರಲ್ಲೇ ಮೂರು ಔಷಧ. ಬಿಡದೆ ನುಂಗಿ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಗರ್ಭಿಣಿ ಮಾತ್ರೆ ತೆಗೆದುಕೊಂಡು, ಮಗುವಿಗೂ ಹುಟ್ಟಿದ ಕೂಡಲೇ ಸಿರಪ್ ಶುರು ಮಾಡಿದರೆ ಬಹುತೇಕ ಮಕ್ಕಳು ಸೋಂಕಿಲ್ಲದೆ ಬೆಳೆಯುತ್ತವೆ. 18 ತಿಂಗಳಿಗೆ ಮಾಡುವ ಪರೀಕ್ಷೆಯಲ್ಲಿ ಅದು ಖಚಿತವಾಗುತ್ತದೆ. ತಮ್ಮ ಮಗಳ ಆ ರಿಪೋರ್ಟಿನ ಬಗ್ಗೆ ಅವರು ಹೇಳುವಾಗ ನಾನು ಪ್ರೊಜೆಕ್ಟರ್ ಆಫ್ ಮಾಡಿ ಹಿಂದೆ ಹೋಗಿ ಕೂರುತ್ತೇನೆ.

ಆಶಾ ಕಾರ್ಯಕರ್ತೆಯರ ಕಷ್ಟವೇ ಬೇರೆ. ಅವರಿಗೆ ಸೂಜಿಯ ಭಯ ಕಡಿಮೆ, ಓಣಿಯ ಭಯ ಜಾಸ್ತಿ. ಆಶಾ ಒಂದೇ ಮನೆಗೆ ಪದೇ ಪದೇ ಹೋದರೆ ಕಟ್ಟೆಯ ಮೇಲೆ ಕೂತವರು ಸುಮ್ನೆ ಇರುತ್ತಾರಾ? ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬ ಆಶಾ ಹೇಳಿಕೊಟ್ಟರು. ಅವರು ಆ ಮನೆಯೊಂದಕ್ಕೇ ಅಂತ ಹೋಗುವುದೇ ಇಲ್ಲವಂತೆ. ಮೊದಲು ಪಕ್ಕದ ಮನೆಯ ಬಾಣಂತಿ, ಆಮೇಲೆ ಈ ಮನೆ, ಆಮೇಲೆ ಮೂರನೇ ಮನೆಯ ಅಜ್ಜಿಯ ಬಿಪಿ. ಸಾಲಾಗಿ ನಾಲ್ಕು ಮನೆ. ಈಗ ನಾನು ಹೋದಲ್ಲೆಲ್ಲ ಇದನ್ನೇ ಹೇಳುತ್ತೇನೆ, ಹೇಳಿಕೊಟ್ಟವರು ಒಬ್ಬ ಆಶಾ ಅಂತ ಸೇರಿಸಿ.

ಮೊನ್ನೆ ಆ ಮೊದಲ ಆಸ್ಪತ್ರೆಗೆ ಮತ್ತೆ ಹೋಗಿದ್ದೆ. ಎರಡು ಗ್ಲೌಸಿನ ಸಿಸ್ಟರ್ ರಿಟೈರ್ ಆಗಿದ್ದಾರೆ. ಹೆರಿಗೆ ವಾರ್ಡಿನ ಕೇಸ್ ಶೀಟುಗಳನ್ನು ತಿರುವಿ ನೋಡಿದೆ, ಕೆಂಪು ಮಸಿ ಕಾಣಲಿಲ್ಲ. ಒಂದು ಮೂಲೆಯ ಮಂಚ ಮಾತ್ರ ಖಾಲಿ ಇತ್ತು. ಯಾಕೆ ಅಂತ ಕೇಳಿದರೆ, ಮೇಲಿಂದ ಮಳೆನೀರು ಸೋರುತ್ತದಂತೆ. ನೆಲ ಒರೆಸುತ್ತಿದ್ದ ಆಯಾ ಹೊಸಬರು, ನನ್ನ ಗುರುತಿಲ್ಲ. ಹಳೇ ಚಾಳಿ ಬಿಡಬೇಕಲ್ಲ, ಕೇಳಿಯೇಬಿಟ್ಟೆ.

"ಅಕ್ಕಾ, ರಾತ್ರಿ ಸೂಜಿ ಚುಚ್ಚಿದ್ರ ಮಾತ್ರಿ ಎಲ್ಲಿರತೈತಿ?"

ಅವರು ಒರೆಸುವುದನ್ನು ನಿಲ್ಲಿಸದೆ ಡ್ಯೂಟಿ ರೂಮಿನ ಕಡೆ ಗದ್ದ ಎತ್ತಿದರು. "ಆ ಕಪಾಟಿನ್ಯಾಗರಿ. ಕೀಲಿ ಬಾಗಲ ಹಿಂದ ಮೊಳಿಗೆ ಹಾಕೀವಿ. ಯಾಕ್ರೀ, ನಿಮಗೇನರ ಚುಚ್ಚೇತೇನು?"