ಬೀಟ್‌ರೂಟಿನ ಬಣ್ಣ ತಡೆದದ್ದು ಕ್ಯಾಲ್ಸಿಯಮ್ಮೇ ಹೌದಾ?

ಪಿಯುಸಿ ಮಕ್ಕಳಿಗೆ ಜೀವಕೋಶದ ಪೊರೆಯ ಪಾಠ ಮಾಡುವಾಗ ನಾನು ಬೀಟ್‌ರೂಟ್ ತರುತ್ತೇನೆ. ಅದರ ಕೆಂಪು ಬಣ್ಣ ಕೋಶದೊಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ ಇರುತ್ತದೆ. ಹೊರಗೆ ಬರಬೇಕಾದರೆ ರಸದಾನಿಯ ಪೊರೆ, ಕೋಶದ ಪೊರೆ ಎರಡನ್ನೂ ದಾಟಬೇಕು. ನೀರು ಕೆಂಪಾಯಿತು ಅಂದರೆ ಪೊರೆ ಸಡಿಲವಾಗಿದೆ ಅಂತ ಅರ್ಥ.

ಕ್ಯಾಲ್ಸಿಯಂ ಪೊರೆಯನ್ನು ಬಿಗಿಯಾಗಿಡುತ್ತದೆ ಎಂದು ತೋರಿಸಬೇಕಿತ್ತು. ಮೊದಲು ಸುಣ್ಣದ ತಿಳಿ ಬಳಸಿದೆ. ಬೂದುಗುಂಬಳದ ಪೇಠಕ್ಕೆ ಹೋಳು ಗಟ್ಟಿಯಾಗಲಿ ಅಂತ ಸುಣ್ಣದ ನೀರಲ್ಲೇ ನೆನೆಸುತ್ತಾರೆ ಅಲ್ವಾ? ಇಲ್ಲಿ ಅದು ನಡೆಯಲಿಲ್ಲ. ಸುಣ್ಣ ತೀರಾ ಕ್ಷಾರ. ಸೋರಿದ ಬಣ್ಣ ಹಳದಿಗೆ ತಿರುಗಿತು, ಅಳೆಯಲು ಏನೂ ಉಳಿಯಲಿಲ್ಲ.

ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ತಂದೆ. ಲೀಟರಿಗೆ 11.1 ಗ್ರಾಂ. (ಬಾಟಲಿಯ ಚೀಟಿ ನೋಡಿ, ನೀರು ಸೇರಿದ ಹರಳಾದರೆ 14.7 ಗ್ರಾಂ ಬೇಕು.) ಒಂದೇ ಅಳತೆಯ ತುಂಡುಗಳನ್ನು ನೀರು ತಿಳಿಯಾಗುವವರೆಗೆ ತೊಳೆದೆವು. ಚಾಕು ಕೊಯ್ದ ಕೋಶಗಳ ಬಣ್ಣ ಲೆಕ್ಕಕ್ಕೆ ಬರಬಾರದು. ಕೆಲವನ್ನು ಬರೀ ಡಿಸ್ಟಿಲ್ಡ್ ವಾಟರಿನಲ್ಲಿ, ಕೆಲವನ್ನು ಕ್ಯಾಲ್ಸಿಯಂ ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿ, 55 ಡಿಗ್ರಿ ಬಿಸಿಯಲ್ಲಿಟ್ಟೆವು. ಡಿಸ್ಟಿಲ್ಡ್ ವಾಟರ್ ಕಡುಗೆಂಪಾಯಿತು. ಕ್ಯಾಲ್ಸಿಯಂ ಟ್ಯೂಬು ತಿಳಿ ಗುಲಾಬಿ. ನನಗೆ ಖುಷಿಯಾಯಿತು.

ಆಗ ಒಬ್ಬ ಹುಡುಗಿ ಕೇಳಿದಳು, "ಮಿಸ್, ಉಪ್ಪು ನೀರಲ್ಲಿ ಹೋಳು ಬಾಡುತ್ತಲ್ವಾ? ಒಳಗಿನ ಒತ್ತಡ ಇಳಿದಿದ್ದಕ್ಕೇ ಬಣ್ಣ ಕಡಿಮೆ ಬಂದಿರಬಹುದಲ್ವಾ?"

ಎಷ್ಟು ಒಳ್ಳೆಯ ಪ್ರಶ್ನೆ! ಬರೀ ನೀರಲ್ಲಿಟ್ಟ ಕೋಶ ನೀರು ಕುಡಿದು ಉಬ್ಬುತ್ತದೆ. ಒಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಜಾಸ್ತಿ ಇರಬಹುದು. ಹೊರಗಿನ ಗೋಡೆ ಅದನ್ನು ತಡೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ನೀರನ್ನು ಹೊರಗೆಳೆದು ಆ ಒತ್ತಡ ಇಳಿಸುತ್ತದೆ. ನನ್ನ ಪ್ರಯೋಗದಲ್ಲಿ ಕ್ಯಾಲ್ಸಿಯಂ, ಒತ್ತಡದ ಇಳಿಕೆ ಎರಡೂ ಸೇರಿಕೊಂಡಿದ್ದವು.

ಮರುದಿನ ಮೂರನೇ ಟ್ಯೂಬು ಸೇರಿಸಿದೆವು. ಅಡುಗೆ ಉಪ್ಪಲ್ಲ, ಲ್ಯಾಬಿನ ಸೋಡಿಯಂ ಕ್ಲೋರೈಡ್, ಲೀಟರಿಗೆ 8.8 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ ಕರಗಿದರೆ ಮೂರು ಅಯಾನು (ವಿದ್ಯುದಂಶವಿರುವ ಕಣ), ಸೋಡಿಯಂ ಕ್ಲೋರೈಡ್ ಕರಗಿದರೆ ಎರಡು. ಈ ಅಳತೆಯಲ್ಲಿ ಎರಡೂ ನೀರನ್ನು ಎಳೆಯುವ ಬಲ ಹೆಚ್ಚುಕಡಿಮೆ ಸಮ. ಎರಡರಲ್ಲೂ ತುಂಡು ಮೆತ್ತಗಾಯಿತು. ಆದರೆ ಬಿಸಿ ಮಾಡಿದಾಗ ಸೋಡಿಯಂ ಟ್ಯೂಬು ಬರೀ ನೀರಿನಷ್ಟೇ ಕೆಂಪಾಯಿತು. ಹಾಗಾದರೆ ತಡೆದದ್ದು ಕ್ಯಾಲ್ಸಿಯಮ್ಮೇ. ಅದಕ್ಕೆ ಎರಡು ಧನ ವಿದ್ಯುದಂಶ. ಪೊರೆಯ ಕೊಬ್ಬಿನ ಕಣಗಳ ಋಣ ತಲೆಗಳನ್ನು ಅದು ಜೋಡಿಸಿ ಹಿಡಿಯುತ್ತದೆ.

ಒತ್ತಡಕ್ಕೂ ತನ್ನ ಪಾತ್ರವಿದೆ. ಗಟ್ಟಿ ಸಕ್ಕರೆ ನೀರಲ್ಲಿ, ಲೀಟರಿಗೆ 342 ಗ್ರಾಂ, ತುಂಡು ನೆನೆಸಿ ಬಾಡಿಸಿದೆವು. ತೆಗೆದು ಸೀದಾ ಬರೀ ನೀರಿಗೆ ಹಾಕಿದಾಗ, ಬಿಸಿಯೇ ಇಲ್ಲದೆ ನೀರು ಕೆಂಪಾಯಿತು. ಪೊರೆ ಹಿಗ್ಗುವುದು ನೂರಕ್ಕೆ ಎರಡು ಮೂರರಷ್ಟು ಮಾತ್ರ. ಕುಗ್ಗಿದ ಕೋಶಕ್ಕೆ ಒಮ್ಮೆಲೇ ನೀರು ನುಗ್ಗಿದರೆ ಪೊರೆ ಹರಿದುಹೋಗುತ್ತದೆ. ಸಕ್ಕರೆ ನೀರನ್ನು ಸ್ವಲ್ಪಸ್ವಲ್ಪವೇ ತೆಳು ಮಾಡುತ್ತಾ ಬಂದ ಟ್ಯೂಬಿನಲ್ಲಿ ಬಣ್ಣ ತುಂಬಾ ಕಡಿಮೆ ಇತ್ತು.