ಜೀಪಿನ ಮೂಗು ಎತ್ತಿದ್ದು

ನಮ್ಮ ಜೀಪು ಎದುರಿನಿಂದ ಬರುವುದನ್ನು ನೋಡಿದವರು ಕೈ ಅಡ್ಡ ಹಿಡಿದು ನಿಲ್ಲಿಸಿ, "ಭಟ್ರೇ, ಬಲಬದಿ ಟಯರಲ್ಲಿ ಗಾಳಿ ಇಲ್ಲ" ಅನ್ನುತ್ತಿದ್ದರು. ಗಾಳಿ ಸರಿಯಾಗಿಯೇ ಇತ್ತು. ಕುಸಿದದ್ದು ಮುಂದಿನ ಸ್ಪ್ರಿಂಗು.

ಇದು ಹಳೆ ಮಹೀಂದ್ರ ಸಿಜೆ3ಬಿ. ಹಿಂದಿನ ಬಾಡಿ ತೆಗೆದು ಅಪ್ಪ ಸಣ್ಣ ಪಿಕ್‌ಅಪ್ ಮಾಡಿಸಿದ್ದರು. ಅಡಿಕೆ ಗೋಣಿ, ರಬ್ಬರ್ ಶೀಟು ಎಲ್ಲ ಇದರಲ್ಲೇ ಕಾಸರಗೋಡು ಕಡೆಯ ಪೆರ್ಲಕ್ಕೆ, ಬದಿಯಡ್ಕಕ್ಕೆ ಹೋಗುತ್ತಿತ್ತು. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ್ದೂ ಅವರೇ, ಆರ್‌ಸಿಯಲ್ಲಿ ಬರೆಸಿಕೊಂಡೇ. ಆದರೆ ಸ್ಪ್ರಿಂಗ್ ಮಾತ್ರ ಪೆಟ್ರೋಲ್ ಕಾಲದ್ದೇ ಉಳಿದಿತ್ತು. ಡೀಸೆಲ್ ಎಂಜಿನ್ ತೂಕ ಜಾಸ್ತಿ. ಮೇಲಿಂದ ಡ್ರೈವರ್ ಬದಿಯಲ್ಲಿ ಯಾವಾಗಲೂ ಒಬ್ಬ ಇರುತ್ತಾನೆ, ಪಕ್ಕದ ಸೀಟು ಹೆಚ್ಚಿನ ದಿನ ಖಾಲಿ. ಬಲಬದಿ ಕುಸಿಯದೆ ಏನು ಮಾಡೀತು?

ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಹತ್ತು ಪ್ಲೇಟಿನ ಹಳೆ ಸ್ಪ್ರಿಂಗ್ ಸೆಟ್ಟು ತೆಗೆದು ಮೂರು ಪ್ಲೇಟಿನ ಪ್ಯಾರಾಬೋಲಿಕ್ ಸೆಟ್ಟು ಹಾಕುವುದೆಂದು ತೀರ್ಮಾನಿಸಿದೆ. ಇದರ ಪ್ಲೇಟು ನಡುವೆ ದಪ್ಪ, ತುದಿಗೆ ಹೋಗುತ್ತಾ ತೆಳು. ಪ್ಲೇಟುಗಳು ಉದ್ದಕ್ಕೂ ಒಂದಕ್ಕೊಂದು ಉಜ್ಜುವುದಿಲ್ಲ, ಹಾಗಾಗಿ ಹೊಂಡದಲ್ಲಿ ಮೆತ್ತಗೆ ಇಳಿಯುತ್ತದೆ. ಎತ್ತರ ಮಾಡಿ ಶೋಕಿ ಮಾಡುವ ಆಸೆ ನನಗಿರಲಿಲ್ಲ. ಕಂಪನಿ ಕೊಟ್ಟ ರೂಪ ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಕೇರಳದ್ದೇ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿದೆ. ನನಗೆ ಬೇಕಾಗಿದ್ದದ್ದು ಜೀಪು ಹುಟ್ಟಿದಾಗ ನಿಂತಿದ್ದ ಹಾಗೆ ನಿಲ್ಲುವುದು, ಅಷ್ಟೇ.

ಮೊದಲು ಮಾಡಿದ ತಪ್ಪು ಅಳತೆಯದ್ದು. ನೆಲದಿಂದ ಮಡ್‌ಗಾರ್ಡಿಗೆ ಟೇಪು ಹಿಡಿದೆ. ಒಂದು ದಿನ ಒಂದು ಲೆಕ್ಕ, ಮರುದಿನ ಇನ್ನೊಂದು. ಟಯರ್ ಗಾಳಿ, ಬಾಡಿಯ ಸವೆದ ರಬ್ಬರು, ತಗಡಿನ ಡೊಂಕು ಎಲ್ಲ ಆ ಲೆಕ್ಕದಲ್ಲಿ ಸೇರುತ್ತವೆ. ಸ್ಪ್ರಿಂಗಿನ ಎತ್ತರ ಬೇಕಾದರೆ ಎರಡು ಚಕ್ರ ಜೋಡಿಸುವ ಆಕ್ಸಲ್ ಟ್ಯೂಬಿನ ಮೇಲಿಂದ ಜೀಪಿನ ಚೌಕಟ್ಟಾದ ಚಾಸಿಸ್ಸಿನ ಅಡಿಗೆ ಅಳೆಯಬೇಕು. ಹಳೆ ಸೆಟ್ಟಿನಲ್ಲಿ ಅದು ಬಲಕ್ಕೆ ನಾಲ್ಕೂಕಾಲು ಇಂಚು, ಎಡಕ್ಕೆ ಐದು ಬಂತು.

ನೆಲವೂ ಸಮ ಇರಬೇಕು. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಸಮವೆಂದೇ ನಂಬಿದ್ದೆ. ಗಾರೆಯವರ ಟ್ಯೂಬ್ ಲೆವೆಲಿನಲ್ಲಿ ನೀರು ತುಂಬಿಸಿ ಎರಡು ಚಕ್ರದ ಜಾಗಕ್ಕೆ ಹಿಡಿದಾಗ ಮುಕ್ಕಾಲು ಇಂಚು ವ್ಯತ್ಯಾಸ ಕಂಡಿತು. ಮಳೆನೀರು ಹರಿದುಹೋಗಲೆಂದು ನಾವೇ ಇಳಿಜಾರು ಮಾಡಿಸಿದ್ದು ಮರೆತೇಹೋಗಿತ್ತು! ಒಂದು ಚಕ್ರದಡಿಗೆ ಹಲಗೆ ತುಂಡು ಕೊಟ್ಟೆ.

ಸೆಟ್ಟು ಬದಲಾಯಿಸಿದ್ದು ಪೇಟೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಅಲ್ಲಿಯ ಮೆಕ್ಯಾನಿಕ್ ಇಚ್ಚ ಜೀಪಿನಲ್ಲೇ ಕೂದಲು ನೆರೆಸಿಕೊಂಡವರು. ಚಾಸಿಸ್ಸನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ನೇತಾಡುತ್ತಿರುವಾಗಲೇ ಸ್ಪ್ರಿಂಗನ್ನು ಆಕ್ಸಲಿಗೆ ಕಟ್ಟುವ ಯು ಬೋಲ್ಟು, ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಸ್ಸಿಗೆ ಸೇರಿಸುವ ಓಲಾಡುವ ಕೊಂಡಿ ಶ್ಯಾಕಲ್ಲು ಎಲ್ಲ ಬಿಗಿ ಮಾಡಿ ಕೆಳಗಿಳಿಸಿದರು. ಏಳು ಇಂಚು! ಮೂಗು ಆಕಾಶಕ್ಕೆ. ಮನೆಗೆ ಬರುವಾಗ ಸ್ಟೇರಿಂಗ್ ಹಗುರವಾಗಿ ರಸ್ತೆಯಲ್ಲಿ ತೇಲಿದ ಹಾಗೆ, ಐವತ್ತರ ಸ್ಪೀಡಿಗೆ ಅದುರಾಟ ಬೇರೆ.

"ಪ್ಲೇಟು ಜಾಸ್ತಿ ಬಾಗಿಸಿದ್ದಾರೆ, ವಾಪಸ್ ಕಳಿಸಿ" ಅಂದರು ಇಚ್ಚ. ನಾನೂ ಹಾಗೇ ಅಂದುಕೊಂಡೆ. ರಾತ್ರಿ ಹಳೆ ಶ್ಯಾಕಲನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಾಗ ವಿಷಯ ಹೊಳೆಯಿತು. ಅದು ಯು ಆಕಾರದ್ದು, ಎರಡು ಕಾಲಿಗೂ ತ್ರೆಡ್ಡು. ಬುಶ್ಶಿನೊಳಗೆ, ಅಂದರೆ ತೂತಿನಲ್ಲಿ ಕೂರುವ ಕೊಳವೆಯೊಳಗೆ, ಗ್ರೀಸಿನಲ್ಲಿ ಆರಾಮಾಗಿ ತಿರುಗುತ್ತದೆ. ಅದನ್ನು ಗಾಳಿಯಲ್ಲಿ ಬಿಗಿ ಮಾಡಿದರೂ ನೆಲದಲ್ಲಿ ಬಿಗಿ ಮಾಡಿದರೂ ಒಂದೇ. ಹೊಸ ಸೆಟ್ಟಿಗೆ ರಬ್ಬರ್ ಬುಶ್ಶು. ಬೋಲ್ಟು ಬಿಗಿ ಮಾಡಿದರೆ ಒಳಗಿನ ಕೊಳವೆ ಶ್ಯಾಕಲ್ಲಿಗೆ ಕಚ್ಚಿ ಕೂರುತ್ತದೆ. ಮತ್ತೆ ತಿರುಗಬೇಕಾದ್ದು ರಬ್ಬರೇ. ಗಾಳಿಯಲ್ಲಿ ಬಿಗಿ ಮಾಡಿ ನೆಲಕ್ಕಿಳಿಸಿದರೆ ರಬ್ಬರು ತಿರುಚಿಕೊಂಡು ಚಾಸಿಸ್ಸನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಬೇಗ ಹರಿಯುತ್ತದೆ ಕೂಡ.

ಬೆಳಗ್ಗೆ ಅಂಗಳದಲ್ಲೇ ಎರಡೂ ಸ್ಪ್ರಿಂಗಿನ ತುದಿ, ಶ್ಯಾಕಲ್ಲುಗಳ ಆರೂ ಬೋಲ್ಟು ಸಡಿಲಿಸಿದೆ. ಡಬ್ಬೆಂದು ಸದ್ದಾಗಿ ಜೀಪು ಒಂದು ಹಂತ ಕೆಳಗೆ ಕೂತಿತು. ಬಂಪರ್ ಮೇಲೆ ಹತ್ತಿ ಕುಣಿದೆ, ನಾಲ್ಕು ಮಾರು ಹಿಂದೆ ಮುಂದೆ ದೂಡಿದೆವು. ಜಾಕಿ ಇಳಿಸಿದ ಕೂಡಲೇ ಟಯರು ಅಡ್ಡಕ್ಕೆ ಸಿಕ್ಕಿಕೊಂಡಿರುತ್ತದೆ, ಉರುಳಿಸದೆ ಅಳೆಯಬಾರದು. ಹಿಂದೆ ನಾಲ್ಕು ಚೀಲ ಸಿಮೆಂಟು, ಅಂದರೆ 200 ಕಿಲೋ ಇಟ್ಟು, ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಮನೆಯವಳು ಜೀಪಿನ ಅಡಿಗೆ ಬಗ್ಗಿ ಟೇಪು ಹಿಡಿದಳು. ಎಡಕ್ಕೆ ಆರೂಕಾಲು, ಬಲಕ್ಕೆ ಆರು. "ಆ ಕಾಲಿಂಚು ನೀವೇ" ಅಂದಳು. ಆ ಸ್ಥಿತಿಯಲ್ಲೇ, ತೂಕ ಇಳಿಸದೆ, ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಿದೆ. ಶ್ಯಾಕಲ್ಲು ಸ್ವಲ್ಪ ಓರೆಯಾಗಿ ನಿಂತಿತ್ತು. ಅದು ಹಾಗೇ ಇರಬೇಕು. ಸ್ಪ್ರಿಂಗ್ ಅದುಮಿದಾಗ ಉದ್ದವಾಗುತ್ತದೆ, ಅದಕ್ಕೆ ಓಡಾಡಲು ಜಾಗ ಬೇಕಲ್ವಾ?

ಉದ್ದದ ಶ್ಯಾಕಲ್ಲು ಹಾಕಿ ಎತ್ತರ ಸರಿಮಾಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡು ಇಂಚು ಉದ್ದ ಮಾಡಿದರೆ ಸಿಗುವುದು ಒಂದೇ ಇಂಚು. ಸ್ಪ್ರಿಂಗಿನ ಒಂದು ತುದಿ ಮಾತ್ರ ಜರುಗುವುದರಿಂದ ಆಕ್ಸಲ್ ತಿರುಗಿ ಕ್ಯಾಸ್ಟರ್, ಅಂದರೆ ಸ್ಟೇರಿಂಗಿಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕೆಡುತ್ತದೆ.

ನಮ್ಮದರಲ್ಲಿ ಶ್ಯಾಕಲ್ಲು ಉದ್ದ ಮಾಡದೆಯೂ ಕ್ಯಾಸ್ಟರ್ ಕೆಟ್ಟಿತ್ತು. ಈ ಜೀಪಿಗೆ 3 ಡಿಗ್ರಿ ಬೇಕು, ಇದ್ದದ್ದು ಒಂದು ಚಿಲ್ಲರೆ. ಎತ್ತರ ಸರಿಯಾದ ಮೇಲೆ ಸ್ಪ್ರಿಂಗ್ ಮತ್ತು ಆಕ್ಸಲಿನ ನಡುವೆ 2 ಡಿಗ್ರಿಯ ವೆಡ್ಜ್, ಅಂದರೆ ಓರೆ ಬಿಲ್ಲೆ, ಹಾಕಿದೆವು. ಇದರಲ್ಲಿ ಸ್ಪ್ರಿಂಗ್ ಆಕ್ಸಲಿನ ಕೆಳಗೆ ಕೂರುತ್ತದೆ, ಹಾಗಾಗಿ ವೆಡ್ಜಿನ ದಪ್ಪ ತುದಿ ಮುಂದಕ್ಕೆ ಬರಬೇಕು. ಸ್ಪ್ರಿಂಗ್ ಮೇಲಿರುವ ಗಾಡಿಗೆ ಇದು ಉಲ್ಟಾ. ಅದುರಾಟ ಅಲ್ಲಿಗೆ ನಿಂತಿತು. ಎರಡು ಚಕ್ರಗಳ ಮುಂಭಾಗ ಒಳಕ್ಕೆ ಎಷ್ಟು ತಿರುಗಿದೆ ಎಂಬ ಟೋ ಇನ್ ನೋಡಿದೆವು, ಸ್ಟೇರಿಂಗಿನಿಂದ ಚಕ್ರದ ಕಡೆಗೆ ಹೋಗುವ ಸರಳಾದ ಡ್ರ್ಯಾಗ್ ಲಿಂಕ್ ಸ್ವಲ್ಪ ತಿರುಗಿಸಿ ಸ್ಟೇರಿಂಗ್ ನೇರ ಮಾಡಿದೆವು. ಚಕ್ರ ಪೂರ್ತಿ ನೇತಾಡಿಸಿ ಬ್ರೇಕ್ ಹೋಸ್ ಎಳೆಯುತ್ತದೆಯೇ ಎಂದೂ ನೋಡಿಕೊಂಡೆ.

ಐನೂರು ಕಿಲೋಮೀಟರ್ ಓಡಿದ ಮೇಲೆ ಹೊಸ ಪ್ಲೇಟು ಪಳಗಿ ಎರಡೂ ಬದಿ ಅರ್ಧ ಇಂಚು ಇಳಿದವು. ಅಷ್ಟು ಇಳಿಯುತ್ತದೆಂದು ಲೆಕ್ಕ ಹಾಕಿಯೇ ಆರನ್ನು ಒಪ್ಪಿಕೊಂಡಿದ್ದೆ. ಯು ಬೋಲ್ಟಿನ ನಟ್ಟುಗಳು ಮತ್ತೆ ಕಾಲು ಸುತ್ತು ತಿರುಗಿದವು. ಈಗ ಒಂದೇ ತಕರಾರು. ಹಂಪ್ ದಾಟಿದ ಮೇಲೂ ಮೂಗು ಎರಡು ಸಲ ತಲೆಯಾಡಿಸುತ್ತದೆ. ಹಳೆ ಪ್ಲೇಟುಗಳ ಉಜ್ಜಾಟವೇ ಅರ್ಧ ಶಾಕ್ ಅಬ್ಸಾರ್ಬರಿನ ಕೆಲಸ ಮಾಡುತ್ತಿತ್ತು, ಈಗ ಅದಿಲ್ಲ. ಹಳೆ ಶಾಕ್ ಸಾಲುವುದಿಲ್ಲ. ಅಡಿಕೆ ಕೊಟ್ಟ ಮೇಲೆ ಹೊಸ ಜೋಡಿ ತರಬೇಕು.